ಆನ್ ಆಗುತ್ತೆ, ಆಫ್ ಆಗಲ್ಲ! – ಹಳೇ ಕಂಪ್ಯೂಟರ್ ಪ್ರಶ್ನೋತ್ತರ

ಹೋದ ಸಂಚಿಕೆಯಲ್ಲಿ ಎಮ್ಯುಲೇಟರ್ ಬಗ್ಗೆ ಬರೆದಿದ್ದೆ. ಇವತ್ತಿನ ಲ್ಯಾಪ್‌ಟಾಪಿನ ಒಳಗೆ ಒಂದು ಹಳೇ ಕಂಪ್ಯೂಟರನ್ನು ಪೂರ್ತಿಯಾಗಿ ನಡೆಸುವ ಸಾಫ್ಟ್‌ವೇರ್ ಅದು. ಆಮೇಲೆ ಬಂದ ಪತ್ರಗಳನ್ನು ನೋಡಿದರೆ ಜಾಸ್ತಿ ಜನರ ತಕರಾರು ಒಂದೇ. ವಿಂಡೋಸ್ 98 ಶುರುವೇನೋ ಆಗುತ್ತದೆ, ಮುಚ್ಚಲು ಹೋದರೆ ಒಂದಲ್ಲ ಒಂದು ರಗಳೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಶಟ್‌ಡೌನ್‌ಗೇ ಮೀಸಲು.

ಪ್ರಶ್ನೆ: ಮೇಡಂ, ಸಾಗರದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇತ್ತು. ಆಗ ಮಾಡಿದ ಸ್ಮರಣ ಸಂಚಿಕೆಗಳು, ಯಕ್ಷಗಾನ ಪ್ರಸಂಗದ ಪುಸ್ತಕಗಳು ಎಲ್ಲ ಪುಟ ವಿನ್ಯಾಸ ಮಾಡುವ ಪೇಜ್‌ಮೇಕರ್‌ನ ಫೈಲಿನಲ್ಲಿ, ಹಳೇ ಕನ್ನಡ ಫಾಂಟಿನಲ್ಲಿ ಇವೆ. ಮಗ ತನ್ನ ಮ್ಯಾಕ್‌ಬುಕ್‌ನಲ್ಲಿ ಯುಟಿಎಂ ಎಂಬ ಆ್ಯಪ್ ಹಾಕಿ, ಅದರೊಳಗೆ ವಿಂಡೋಸ್ 98 ಎಸ್‌ಇ (ಎರಡನೇ ಆವೃತ್ತಿ) ಹಾಕಿಕೊಟ್ಟಿದ್ದಾನೆ. ಫೈಲ್ ಚೆನ್ನಾಗಿ ತೆರೆಯುತ್ತವೆ. ಆದರೆ ಶಟ್‌ಡೌನ್ ಕೊಟ್ಟರೆ ಕಪ್ಪು ಪರದೆಯ ಮೇಲೆ ಕೇಸರಿ ಅಕ್ಷರದಲ್ಲಿ ‘ಇಟ್ಸ್ ನೌ ಸೇಫ್ ಟು ಟರ್ನ್ ಆಫ್ ಯುವರ್ ಕಂಪ್ಯೂಟರ್’ ಎಂದು ಬಂದು ಅಲ್ಲೇ ನಿಲ್ಲುತ್ತದೆ. ಎಷ್ಟು ಕಾದರೂ ಮುಚ್ಚುವುದಿಲ್ಲ. ಬಲವಂತವಾಗಿ ಮುಚ್ಚಿದರೆ ಫೈಲ್ ಹಾಳಾಗುತ್ತಾ?

ಉತ್ತರ: ಹಾಳಾಗುವುದಿಲ್ಲ. ಧೈರ್ಯವಾಗಿ ಮುಚ್ಚಿ. ಆ ಕೇಸರಿ ಅಕ್ಷರ ಬಂದ ಮೇಲೆ ವಿಂಡೋಸ್‌ಗೆ ಮಾಡಲು ಕೆಲಸವೇ ಉಳಿದಿಲ್ಲ.

ಶಟ್‌ಡೌನ್ ಅನ್ನುವುದರಲ್ಲಿ ಎರಡು ಕೆಲಸ ಇವೆ. ಇದನ್ನು ಬೇರೆ ಬೇರೆಯಾಗಿ ನೋಡಿದರೆ ಇವತ್ತಿನ ಅರ್ಧ ಪತ್ರಗಳಿಗೆ ಉತ್ತರ ಸಿಕ್ಕಿಬಿಡುತ್ತದೆ. ಮೊದಲನೆಯದು ವಿಂಡೋಸ್ ತನ್ನ ಪಾಲಿನ ಕೆಲಸ ಮುಗಿಸುವುದು: ಓಡುತ್ತಿರುವ ಪ್ರೋಗ್ರಾಂ ಮುಚ್ಚಬೇಕು, ಮೆಮೊರಿಯಲ್ಲಿ ಉಳಿದ ಡೇಟಾವನ್ನು ಡಿಸ್ಕಿಗೆ ಬರೆಯಬೇಕು, ಡಿಸ್ಕನ್ನು ಸರಿಯಾಗಿ ಮುಚ್ಚಿದ್ದೇನೆ ಎಂದು ಗುರುತು ಹಾಕಬೇಕು. ಎರಡನೆಯದು ಕರೆಂಟ್ ಕಡಿಯುವುದು. ಹಳೇ ಎಟಿ ಕ್ಯಾಬಿನೆಟ್ಟುಗಳಲ್ಲಿ ಈ ಎರಡನೇ ಕೆಲಸ ನಮ್ಮದೇ ಆಗಿತ್ತು. ಮುಂದುಗಡೆಯ ಸ್ವಿಚ್ ನಿಜವಾಗಿಯೂ ಕರೆಂಟನ್ನೇ ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಬೋರ್ಡ್ ತಂದ ಮೇಲೆ ಸಾಫ್ಟ್‌ವೇರೇ ಪವರ್ ಕಡಿಯುವ ಅನುಕೂಲ ಬಂತು. ಅದಕ್ಕೆ ವಿಂಡೋಸ್‌ನವರಿಗೆ ಎರಡು ದಾರಿ ಇದ್ದವು. ಒಂದು 1992ರಲ್ಲಿ ಬಂದ ಎಪಿಎಂ. ಇನ್ನೊಂದು 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ತಂದ ಎಸಿಪಿಐ. ಎರಡೂ ಸಿಗದಿದ್ದರೆ ವಿಂಡೋಸ್ ಕೇಸರಿ ಅಕ್ಷರ ತೋರಿಸಿ, ‘ಇನ್ನು ನೀವೇ ಆಫ್ ಮಾಡಿ’ ಅನ್ನುತ್ತದೆ. ನಿಮಗೆ ಆಗುತ್ತಿರುವುದು ಇದು.

ನಿಮ್ಮ ಯುಟಿಎಂ ಒಳಗೆ ಓಡುತ್ತಿರುವುದು ಕ್ಯೂಎಮು ಅನ್ನುವ ಎಮ್ಯುಲೇಟರ್. ಅದು ಬಳಸುವ ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್) ಹೆಸರು ಸೀಬಯಾಸ್. ಅದು ತನ್ನ ತಾರೀಖನ್ನು 06/23/99 ಎಂದು ಹೇಳಿಕೊಳ್ಳುತ್ತದೆ. ಅಂದರೆ 1999ರ ಜೂನ್ 23. ವಿಂಡೋಸ್ 98 ಏನು ಮಾಡುತ್ತದೆ ಅಂದರೆ, ಇನ್‌ಸ್ಟಾಲ್ ಆಗುವಾಗ ಬಯಾಸ್‌ನ ತಾರೀಖು ನೋಡುತ್ತದೆ. ತನಗೆ ಗೊತ್ತಿರುವ ಒಳ್ಳೇ ಬಯಾಸ್‌ಗಳ ಪಟ್ಟಿಯಲ್ಲಿ ಹೆಸರಿಲ್ಲದೆ, ತಾರೀಖೂ 1999ರ ಡಿಸೆಂಬರ್ 1ಕ್ಕಿಂತ ಹಿಂದಿನದಾಗಿದ್ದರೆ ಎಸಿಪಿಐ ಹಾಕುವುದೇ ಇಲ್ಲ. ಆ ಕಾಲದ ಎಷ್ಟೋ ಬಯಾಸ್‌ಗಳಲ್ಲಿ ಎಸಿಪಿಐ ಅರೆಬರೆಯಾಗಿತ್ತು, ಹಾಗಾಗಿ ಆ ಎಚ್ಚರ ಸರಿಯೇ. ಆದರೆ ಎಮ್ಯುಲೇಟರಿನಲ್ಲಿ ಸುಮ್ನೆ ಆ ತಾರೀಖಿನ ದೆಸೆಯಿಂದ ನಿಮಗೆ ಈ ಅನುಕೂಲ ತಪ್ಪಿಹೋಗಿದೆ.

ಇದಕ್ಕೆ ಮದ್ದು ಇನ್‌ಸ್ಟಾಲ್ ಮಾಡುವಾಗಲೇ ಇದೆ. ಡಾಸ್ ಪ್ರಾಂಪ್ಟಿನಲ್ಲಿ (ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ) ಸೆಟಪ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಸ್ಲ್ಯಾಶ್ ಪಿ, ಮತ್ತೆ ಜಾಗ ಬಿಟ್ಟು ಜೆ. ಆಗ ತಾರೀಖು ಏನೇ ಇರಲಿ, ಎಸಿಪಿಐ ಹಾಕಿಕೊಳ್ಳುತ್ತದೆ. ಮುಂದೆ ಯಾವತ್ತಾದರೂ ಹೊಸದಾಗಿ ಇನ್‌ಸ್ಟಾಲ್ ಮಾಡುವುದಾದರೆ ಹೀಗೆ ಮಾಡಲು ಮಗನಿಗೆ ಹೇಳಿ. ಈಗಿರುವುದನ್ನು ಮುಟ್ಟಬೇಡಿ. ಪೇಜ್‌ಮೇಕರ್ ಓಡುತ್ತಿದೆ, ಫಾಂಟ್ ಸರಿಯಾಗಿ ಕೂತಿವೆ. ಕಿಟಕಿ ತಾನಾಗಿ ಮುಚ್ಚಲಿ ಅನ್ನುವ ಒಂದೇ ಆಸೆಗೆ ಅದನ್ನು ಕೆದಕುವುದು ಬೇಡ. ಕೇಸರಿ ಅಕ್ಷರ ಬರಲಿ, ಆಮೇಲೆ ಯುಟಿಎಂನಲ್ಲಿ ಸ್ಟಾಪ್ ಒತ್ತಿ.

ಕೇಳದೇ ಇದ್ದರೂ ಒಂದು ಮಾತು ಹೇಳುತ್ತೇನೆ. ಆ ಪ್ರಸಂಗದ ಪುಸ್ತಕಗಳನ್ನು ಆದಷ್ಟು ಬೇಗ ಯುನಿಕೋಡ್‌ಗೆ ತನ್ನಿ. ಹಳೇ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಪೇಜ್‌ಮೇಕರ್‌ನಿಂದ ಪಠ್ಯವನ್ನು ಹೊರಗೆ ತೆಗೆದು, ನಿಮ್ಮ ಫಾಂಟಿಗೆ ಹೊಂದುವ ಕನ್ವರ್ಟರ್‌ಗೆ ಕೊಡಿ. ಒತ್ತಕ್ಷರ, ಅರ್ಕಾವತ್ತು ತಪ್ಪಿರಬಹುದು. ಒಮ್ಮೆ ಕೂತು ಓದಿ ತಿದ್ದಬೇಕಾಗುತ್ತದೆ. ಊರಿನವರು ಸೇರಿ ತಂದ ಸ್ಮರಣ ಸಂಚಿಕೆ ಇನ್ನೆಲ್ಲೂ ಸಿಗುವುದಿಲ್ಲ. ಮಾಡಿಬಿಡಿ ಸರ್.

ಪ್ರಶ್ನೆ: ನಾನು ಧಾರವಾಡದವನು. 86ಬಾಕ್ಸ್ ಎಂಬ ಎಮ್ಯುಲೇಟರಿನಲ್ಲಿ ಪೆಂಟಿಯಂ 2 ಮಷಿನ್, ಸೌಂಡ್ ಬ್ಲಾಸ್ಟರ್ 16, ವಿಂಡೋಸ್ 98 ಮೊದಲ ಆವೃತ್ತಿ. ಶಟ್‌ಡೌನ್ ಕೊಟ್ಟರೆ ಮೋಡದ ಚಿತ್ರದ ಮೇಲೆ ‘ವಿಂಡೋಸ್ ಈಸ್ ಶಟಿಂಗ್ ಡೌನ್’ ಬಂದು ಅಲ್ಲೇ ಹ್ಯಾಂಗ್. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೂ ಅದೇ ಕಥೆ.

ಉತ್ತರ: ಮೇಲಿನ ಪತ್ರದಲ್ಲಿ ಸಿಕ್ಕಿಕೊಂಡದ್ದು ಎರಡನೇ ಕೆಲಸ. ನಿಮ್ಮಲ್ಲಿ ಸಿಕ್ಕಿಕೊಂಡಿರುವುದು ಮೊದಲನೆಯದು. ಆದ್ದರಿಂದ ನಿಮ್ಮದು ನಿಜವಾದ ತೊಂದರೆ.

ಹೇಗೆ ಗೊತ್ತಾಗುತ್ತದೆ ಅಂದರೆ, ಆ ಎರಡು ಪರದೆಗಳು ವಿಂಡೋಸ್ ಫೋಲ್ಡರಿನಲ್ಲಿರುವ ಎರಡು ಬೇರೆ ಬೇರೆ ಚಿತ್ರಗಳು. ಮೋಡದ್ದು ಲೋಗೋಡಬ್ಲ್ಯೂ.ಸಿಸ್, ಕೇಸರಿ ಅಕ್ಷರದ್ದು ಲೋಗೋಎಸ್.ಸಿಸ್. ಸಿಸ್ ಅಂತ ಹೆಸರಿದ್ದರೂ ಎರಡೂ 320 ಬೈ 400 ಅಳತೆಯ ಸಾದಾ ಬಿಟ್‌ಮ್ಯಾಪ್ ಚಿತ್ರಗಳೇ. ಕಾಪಿ ಮಾಡಿಕೊಂಡು ಬಿಎಂಪಿ ಎಂದು ಹೆಸರು ಬದಲಿಸಿದರೆ ಪೇಂಟ್‌ನಲ್ಲೂ ತೆರೆಯುತ್ತವೆ. ಕೆಲಸ ಶುರುವಾದಾಗ ಮೊದಲನೇ ಚಿತ್ರ, ಮುಗಿದಾಗ ಎರಡನೇ ಚಿತ್ರ. ನಿಮ್ಮ ಮಷಿನ್ ಎರಡನೆಯದನ್ನು ಮುಟ್ಟುತ್ತಲೇ ಇಲ್ಲ. ನಡುವೆ ಯಾವುದೋ ಡ್ರೈವರ್ ಅಥವಾ ಪ್ರೋಗ್ರಾಂ ಹಿಡಿದು ನಿಲ್ಲಿಸಿದೆ.

ಮತ್ತೆ ಫಾರ್ಮ್ಯಾಟ್ ಮಾಡಬೇಡಿ. ಅದೇ ಕಾರ್ಡು, ಅದೇ ಡ್ರೈವರ್ ಹಾಕಿದರೆ ಅದೇ ಫಲ, ಅಲ್ವಾ? ಮೊದಲು ಎರಡು ಸುಲಭದ ಪರೀಕ್ಷೆ ಮಾಡಿ. ನಿಮ್ಮದು ಮೊದಲ ಆವೃತ್ತಿ ಆದ್ದರಿಂದ ರನ್‌ನಲ್ಲಿ ಎಂಎಸ್‌ಕಾನ್ಫಿಗ್ ಎಂದು ಕೊಟ್ಟು, ಜನರಲ್ ಪುಟದ ಅಡ್ವಾನ್ಸ್ಡ್ ಬಟನ್ ಒತ್ತಿ, ‘ಡಿಸೇಬಲ್ ಫಾಸ್ಟ್ ಶಟ್‌ಡೌನ್’ ಎಂಬಲ್ಲಿ ಟಿಕ್ ಹಾಕಿ. ಬೇಗ ಮುಚ್ಚಲಿ ಎಂದು 98ರಲ್ಲಿ ತಂದ ಈ ಸೌಲಭ್ಯ ಎಷ್ಟೋ ಮಷಿನ್‌ಗಳನ್ನು ಹ್ಯಾಂಗ್ ಮಾಡುತ್ತಿತ್ತು. ಎಸ್‌ಇ ಆವೃತ್ತಿಯಲ್ಲಿ ಅದನ್ನೇ ತೆಗೆದುಹಾಕಿದರು. ಹಾಗಾಗಿ ಎಸ್‌ಇ ಇರುವವರು ಈ ಟಿಕ್ ಹುಡುಕಬೇಡಿ, ಅಲ್ಲಿ ಇರುವುದಿಲ್ಲ. ಅವರಿಗಾಗಿ ಮೈಕ್ರೋಸಾಫ್ಟ್ ‘ಶಟ್‌ಡೌನ್ ಸಪ್ಲಿಮೆಂಟ್’ ಎಂಬ ಪ್ಯಾಚ್ ಕೊಟ್ಟಿತ್ತು. ಇನ್ನೊಂದು ಪರೀಕ್ಷೆ, ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ಸ್‌ನಲ್ಲಿ ‘ಎಗ್ಜಿಟ್ ವಿಂಡೋಸ್’ ಎದುರಿಗೆ ‘ನನ್’ (ಯಾವುದೂ ಬೇಡ) ಎಂದು ಇಡಿ. ಮುಚ್ಚುವಾಗಿನ ಆ ಚಿಕ್ಕ ಸಂಗೀತದ ಫೈಲ್ ಕೆಟ್ಟಿದ್ದರೂ ಶಟ್‌ಡೌನ್ ಪೂರ್ತಿ ನಿಂತುಬಿಡುತ್ತದೆ.

ಎರಡರಿಂದಲೂ ಆಗಲಿಲ್ಲವಾ? ಹಾಗಾದರೆ ವಿಂಡೋಸನ್ನೇ ಕೇಳೋಣ. ಶುರುವಾಗುವಾಗ ಕಂಟ್ರೋಲ್ ಕೀ ಒತ್ತಿ ಹಿಡಿದರೆ ಸ್ಟಾರ್ಟಪ್ ಮೆನು ಬರುತ್ತದೆ. ಅದರಲ್ಲಿ ‘ಲಾಗ್ಡ್’ ಎಂಬುದನ್ನು ಆರಿಸಿ. ಡೆಸ್ಕ್‌ಟಾಪ್ ಬಂದ ಮೇಲೆ ಶಟ್‌ಡೌನ್ ಕೊಡಿ, ಹ್ಯಾಂಗ್ ಆಗಲಿ ಬಿಡಿ. ಎಮ್ಯುಲೇಟರನ್ನು ರೀಸೆಟ್ ಮಾಡಿ, ಈ ಸಲ ‘ಕಮಾಂಡ್ ಪ್ರಾಂಪ್ಟ್ ಓನ್ಲಿ’ ಆರಿಸಿ. ಲಾಗ್ಡ್ ಅನ್ನೇ ಮತ್ತೆ ಆರಿಸಿದರೆ ಹೊಸ ಫೈಲ್ ಬಂದು, ನಿಮಗೆ ಬೇಕಾದ್ದು ಪಿಆರ್‌ವಿ ಎಂಬ ಬಾಲ ಹಚ್ಚಿಕೊಂಡು ಪಕ್ಕಕ್ಕೆ ಹೋಗುತ್ತದೆ. ಸಿ ಡ್ರೈವ್‌ನಲ್ಲಿ, ಯಾವ ಫೋಲ್ಡರಿನೊಳಗೂ ಹೋಗದೆ ನೇರವಾಗಿ, ಬೂಟ್‌ಲಾಗ್.ಟಿಎಕ್ಸ್‌ಟಿ ಎಂಬ ಫೈಲ್ ಇರುತ್ತದೆ. ಅದು ಹಿಡನ್ ಫೈಲ್, ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ. ಡಾಸ್‌ನ ಎಡಿಟ್ ಪ್ರೋಗ್ರಾಮಿನಲ್ಲಿ ತೆರೆದು ನೇರ ಕೊನೆಗೆ ಹೋಗಿ.

ಕೊನೆಯಲ್ಲಿ ‘ಟರ್ಮಿನೇಟ್’ ಎಂದು ಶುರುವಾಗುವ ಸಾಲುಗಳಿವೆ. ಪ್ರತಿಯೊಂದಕ್ಕೂ ಒಂದು ‘ಎಂಡ್‌ಟರ್ಮಿನೇಟ್’ ಜೋಡಿ ಇರಬೇಕು. ಜೋಡಿ ಇಲ್ಲದ ಸಾಲು ಎಲ್ಲಿದೆಯೋ ಅಲ್ಲೇ ತೊಂದರೆ. ‘ಕ್ವೆರಿ ಡ್ರೈವರ್ಸ್’ ಒಂಟಿಯಾಗಿದ್ದರೆ ಮೆಮೊರಿ ಮ್ಯಾನೇಜರನ್ನು ಅನುಮಾನಿಸಿ. ‘ಅನ್‌ಲೋಡ್ ನೆಟ್‌ವರ್ಕ್’ ಆದರೆ ಕಾನ್ಫಿಗ್.ಸಿಸ್‌ನಲ್ಲಿ ಉಳಿದಿರುವ ಡಾಸ್ ಕಾಲದ ನೆಟ್‌ವರ್ಕ್ ಡ್ರೈವರ್. ‘ರೀಸೆಟ್ ಡಿಸ್ಪ್ಲೇ’ ಆದರೆ ವಿಡಿಯೋ ಡ್ರೈವರ್. ‘ವಿನ್32’ ಆದರೆ ಯಾವುದೋ 32 ಬಿಟ್ ಪ್ರೋಗ್ರಾಂ ಜಾಗ ಬಿಡುತ್ತಿಲ್ಲ. ‘ಆರ್‌ಐಟಿ’ ಎಂದಿದ್ದರೆ ಸೌಂಡ್ ಕಾರ್ಡು ಅಥವಾ ಹಳೇ ಮೌಸ್ ಡ್ರೈವರ್ ಟೈಮರನ್ನು ಹಿಡಿದುಕೊಂಡಿದೆ. ಕಟ್ಟಕಡೆಯ ಸಾಲು ‘ಎಂಡ್‌ಟರ್ಮಿನೇಟ್ = ಕರ್ನಲ್’ ಆಗಿದ್ದರೆ ವಿಂಡೋಸ್ ಪೂರ್ತಿ ಮುಗಿಸಿದೆ ಎಂದರ್ಥ. ಆಗ ಪವರ್ ಮ್ಯಾನೇಜ್‌ಮೆಂಟಿನ ಕಡೆ ನೋಡಬೇಕು. ತೊಂದರೆ ಎಲ್ಲಿದೆ ಎಂದು ಇಷ್ಟು ನೇರವಾಗಿ ಹೇಳುವ ಫೈಲ್ ಇಟ್ಟುಕೊಂಡು ಜನ ಫಾರ್ಮ್ಯಾಟ್ ಮಾಡುತ್ತಾ ಕೂರುತ್ತಾರಲ್ಲ, ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಿಮ್ಮಲ್ಲಿ ಆರ್‌ಐಟಿ ಸಿಗಬಹುದು ಎಂದು ನನ್ನ ಊಹೆ, ಸೌಂಡ್ ಬ್ಲಾಸ್ಟರ್ ಇರುವುದರಿಂದ. ಅದನ್ನು ಪರೀಕ್ಷಿಸುವುದು ಎಮ್ಯುಲೇಟರಿನಲ್ಲಿ ಬಹಳ ಸುಲಭ. ಸ್ಕ್ರೂಡ್ರೈವರ್ ಬೇಡ, ಕ್ಯಾಬಿನೆಟ್ ಬಿಚ್ಚುವುದು ಬೇಡ. 86ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಕಾರ್ಡಿನ ಜಾಗದಲ್ಲಿ ನನ್ ಎಂದು ಇಟ್ಟು ಶುರು ಮಾಡಿ. ಈಗ ಶಟ್‌ಡೌನ್ ಸಲೀಸಾಗಿ ಆದರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಕಾರ್ಡನ್ನು ವಾಪಸ್ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳೇ ನಮೂದು ತೆಗೆದು, ವಿಂಡೋಸ್ ಸಿಡಿಯಲ್ಲೇ ಇರುವ ಡ್ರೈವರ್ ಹಾಕಿ ನೋಡಿ. ಆಟೋಎಕ್ಸೆಕ್‌ನಲ್ಲಿ ಡಾಸ್‌ನ ಮೌಸ್ ಡ್ರೈವರ್ ಕರೆಯುವ ಸಾಲು ಇದ್ದರೆ ಆ ಸಾಲಿನ ಶುರುವಿಗೆ ರೆಮ್ ಎಂದು ಸೇರಿಸಿ, ಆಗ ಅದು ಓಡುವುದಿಲ್ಲ. ವಿಂಡೋಸ್‌ಗೆ ಅದು ಬೇಕಾಗಿಲ್ಲ.

ಇನ್ನೊಂದು ವಿಷಯ. ನೀವು ಆರಿಸಿದ ಬೋರ್ಡು ಎಟಿಎಕ್ಸ್ ಆಗಿದ್ದು, ಪವರ್ ಮ್ಯಾನೇಜ್‌ಮೆಂಟ್ ಸರಿಯಾಗಿ ಕೂತಿದ್ದರೆ, ಶಟ್‌ಡೌನ್ ಮುಗಿದ ಕೂಡಲೇ 86ಬಾಕ್ಸ್ ಕಿಟಕಿಯೇ ಮಾಯವಾಗುತ್ತದೆ. ಕ್ರ್ಯಾಶ್ ಆಯಿತು ಅಂದುಕೊಳ್ಳಬೇಡಿ. ಪವರ್ ಹೋಯಿತು, ಅಷ್ಟೇ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. 98 ಅನ್ನು ವರ್ಚುವಲ್‌ಬಾಕ್ಸ್‌ನಲ್ಲಿ ನಡೆಸುತ್ತೇನೆ. ಅದರ ಕಿಟಕಿಯ ಮೂಲೆಯ ಎಕ್ಸ್ ಗುರುತು ಒತ್ತಿದರೆ ಮೂರು ಆಯ್ಕೆ ಕೇಳುತ್ತದೆ. ‘ಸೆಂಡ್ ದ ಶಟ್‌ಡೌನ್ ಸಿಗ್ನಲ್’ ಒತ್ತಿದರೆ ನನ್ನ 98ರಲ್ಲಿ ಏನೂ ಆಗುವುದಿಲ್ಲ. ಹೊಸ ಲಿನಕ್ಸ್‌ನಲ್ಲಿ ಸರಿಯಾಗಿ ಆಫ್ ಆಗುತ್ತದೆ. ಈಗ ‘ಸೇವ್ ದ ಮಷಿನ್ ಸ್ಟೇಟ್’ ಕೊಟ್ಟು ಬಿಟ್ಟುಬಿಡುತ್ತೇನೆ. ಪರವಾಗಿಲ್ಲವಾ ಮೇಡಂ?

ಉತ್ತರ: ಆ ಸಿಗ್ನಲ್ ಅಂದರೆ ಎಸಿಪಿಐ ಪವರ್ ಬಟನ್ ಒತ್ತಿದಂತೆ. ಒಳಗಿರುವ ವಿಂಡೋಸ್ ಎಸಿಪಿಐ ಇಲ್ಲದೆ ಇನ್‌ಸ್ಟಾಲ್ ಆಗಿದ್ದರೆ ಅದಕ್ಕೆ ಆ ಬಟನ್ ಇರುವುದೇ ಗೊತ್ತಿಲ್ಲ. ಸಾಗರದವರಿಗೆ ಕೊಟ್ಟ ಉತ್ತರ ನೋಡಿ. ಹಾಗೆ ಹೊಸದಾಗಿ ಇನ್‌ಸ್ಟಾಲ್ ಮಾಡುವವರೆಗೆ 98ರ ಒಳಗೇ ಸ್ಟಾರ್ಟ್ ಮೆನುವಿನಿಂದ ಶಟ್‌ಡೌನ್ ಕೊಡಿ. ಮೂರನೇ ಆಯ್ಕೆ ‘ಪವರ್ ಆಫ್’ ಅಂದರೆ ಓಡುತ್ತಿರುವ ಕಂಪ್ಯೂಟರಿನ ಪ್ಲಗ್ ಕಿತ್ತ ಹಾಗೆ. ಕೇಸರಿ ಅಕ್ಷರ ಬಂದ ಮೇಲೆ ಮಾತ್ರ ಅದನ್ನು ಒತ್ತಬಹುದು.

ಸೇವ್ ಸ್ಟೇಟ್ ದಿನನಿತ್ಯಕ್ಕೆ ಪರವಾಗಿಲ್ಲ. ಆದರೆ ಅದು ಶಟ್‌ಡೌನ್ ಅಲ್ಲ. 98ರ ದೃಷ್ಟಿಯಲ್ಲಿ ಅದು ಇನ್ನೂ ಓಡುತ್ತಲೇ ಇದೆ. ಡಿಸ್ಕಿಗೆ ಬರೆಯಬೇಕಾದ್ದು ಇನ್ನೂ ಮೆಮೊರಿಯಲ್ಲೇ ಇರಬಹುದು. ಈ ಸ್ಥಿತಿಯಲ್ಲಿ ಎರಡು ಕೆಲಸ ಮಾಡಲೇಬಾರದು. ಡಿಸ್ಕ್ ಫೈಲನ್ನು (98ರ ಇಡೀ ಹಾರ್ಡ್‌ಡಿಸ್ಕ್ ತುಂಬಿರುವ ಫೈಲ್) ಮಾತ್ರ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ‘ಬ್ಯಾಕಪ್ ಆಯಿತು’ ಅಂದುಕೊಳ್ಳಬಾರದು, ಅದು ಅರ್ಧ ಬ್ಯಾಕಪ್. ಮತ್ತೆ, ಡಿಸ್ಕ್ ಫೈಲನ್ನು ಹೊರಗಿನಿಂದ ತೆರೆದು ಅದರೊಳಗೆ ಏನನ್ನೂ ಸೇರಿಸಬಾರದು. ಆಮೇಲೆ ಸ್ಟೇಟ್‌ನಿಂದ ಎದ್ದ 98 ತನ್ನ ನೆನಪಿನಲ್ಲಿರುವ ಹಳೇ ಪಟ್ಟಿಯನ್ನೇ ಡಿಸ್ಕಿನ ಮೇಲೆ ಬರೆಯುತ್ತದೆ. ನೀವು ಸೇರಿಸಿದ್ದೂ ಹೋಗುತ್ತದೆ, ಅಲ್ಲಿದ್ದದ್ದೂ ಕೆಡುತ್ತದೆ. ಸರಿಯಾಗಿ ಶಟ್‌ಡೌನ್ ಆದ ಮೇಲೆ ಫೈಲ್ ಹೊರಗೆ ತೆಗೆಯಲು 7-ಜಿಪ್ ಸಾಕು. ವರ್ಚುವಲ್‌ಬಾಕ್ಸ್‌ನ ವಿಡಿಐ ಡಿಸ್ಕ್ ಫೈಲನ್ನು ಅದು ತೆರೆದು ಒಳಗಿನದನ್ನು ತೋರಿಸುತ್ತದೆ.

ಪ್ರಶ್ನೆ: ನಮ್ಮದು ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ಹಳೇ ಲೆಕ್ಕ ನೋಡಲು ವಿಂಡೋಸ್ 98 ಇಟ್ಟುಕೊಂಡಿದ್ದೇವೆ. ಪ್ರತಿ ಸಲ ಶುರುವಾಗುವಾಗ ನೀಲಿ ಪರದೆಯಲ್ಲಿ ಡಿಸ್ಕ್ ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್ ಓಡುತ್ತದೆ. ನಾವು ಸರಿಯಾಗಿಯೇ ಶಟ್‌ಡೌನ್ ಮಾಡುತ್ತೇವೆ. ಎಂಎಸ್‌ಡಾಸ್.ಸಿಸ್‌ನಲ್ಲಿ ಆಟೋಸ್ಕ್ಯಾನ್ ಸೊನ್ನೆ ಮಾಡಿದರೆ ಬರುವುದಿಲ್ಲ ಎಂದು ಪರಿಚಯದ ಹುಡುಗ ಹೇಳಿದ. ಮಾಡಲೇ?

ಉತ್ತರ: ದಯವಿಟ್ಟು ಮಾಡಬೇಡಿ. ಆಟೋಸ್ಕ್ಯಾನ್ ಸೊನ್ನೆ ಮಾಡಿದರೆ ಪರೀಕ್ಷೆ ನಿಲ್ಲುತ್ತದೆ, ತೊಂದರೆ ನಿಲ್ಲುವುದಿಲ್ಲ. ಲೆಕ್ಕದ ಫೈಲ್ ಇರುವ ಡಿಸ್ಕಿನಲ್ಲಿ ಅಂತೂ ಬೇಡವೇ ಬೇಡ.

ಯಾವ ಫೈಲ್ ಎಲ್ಲಿದೆ ಎಂದು ತೋರಿಸುವ ಡಿಸ್ಕಿನ ಫ್ಯಾಟ್ ಪಟ್ಟಿಯಲ್ಲಿ ಒಂದೇ ಒಂದು ಬಿಟ್ ಇರುತ್ತದೆ. ಸರಿಯಾಗಿ ಮುಚ್ಚಿದಾಗ ಅದು 1. ಡಿಸ್ಕ್ ಬಳಕೆಯಲ್ಲಿರುವಾಗ ವಿಂಡೋಸ್ ಅದನ್ನು 0 ಮಾಡುತ್ತದೆ. ಮುಂದಿನ ಸಲ ಏಳುವಾಗ 0 ಕಂಡರೆ ‘ಹೋದ ಸಲ ಸರಿಯಾಗಿ ಮುಚ್ಚಿಲ್ಲ’ ಎಂದು ಸ್ಕ್ಯಾನ್‌ಡಿಸ್ಕ್ ಕರೆಯುತ್ತದೆ. ನಿಮ್ಮಲ್ಲಿ ಪ್ರತಿ ಸಲ ಬರುತ್ತಿದೆ ಅಂದರೆ ಆ ಬಿಟ್ ಮತ್ತೆ 1 ಆಗುವ ಮೊದಲೇ ಎಲ್ಲೋ ಪವರ್ ಹೋಗುತ್ತಿದೆ, ಇಲ್ಲವೇ ಬರೆದದ್ದು ಡಿಸ್ಕ್ ಫೈಲಿಗೆ ಸೇರುತ್ತಿಲ್ಲ.

ಮೊದಲು ಅಂಗಡಿಯಲ್ಲಿ ಯಾರು, ಹೇಗೆ ಮುಚ್ಚುತ್ತಾರೆ ಎಂದು ಒಂದು ವಾರ ಗಮನಿಸಿ. ಸಂಜೆ ಬಾಗಿಲು ಹಾಕುವ ಗಡಿಬಿಡಿಯಲ್ಲಿ ಮೋಡದ ಚಿತ್ರ ಬಂದ ಕೂಡಲೇ ‘ಆಯ್ತು’ ಎಂದು ಕಿಟಕಿ ಮುಚ್ಚಿಬಿಡುವುದು ತುಂಬಾ ಸಾಮಾನ್ಯ. ಎರಡನೆಯದು, ಡಿಸ್ಕ್ ಫೈಲು ರೀಡ್ ಓನ್ಲಿ ಆಗಿದೆಯೇ, ಅಥವಾ ಮುಚ್ಚಿದ ಕೂಡಲೇ ಬದಲಾವಣೆಗಳನ್ನು ಬಿಟ್ಟುಬಿಡುವ ಸ್ನ್ಯಾಪ್‌ಶಾಟ್ ಕ್ರಮದಲ್ಲಿ ಓಡುತ್ತಿದೆಯೇ ನೋಡಿ. ಮೂಲ ಡಿಸ್ಕಿನಲ್ಲಿ ಒಮ್ಮೆ ಆ ಬಿಟ್ 0 ಆಗಿಯೇ ಉಳಿದಿದ್ದರೆ, ಈ ಕ್ರಮದಲ್ಲಿ ಸ್ಕ್ಯಾನ್‌ಡಿಸ್ಕ್ ಎಷ್ಟು ಸಲ ಸರಿಮಾಡಿದರೂ ಮರುದಿನ ಮತ್ತೆ ಅದೇ 0 ಕಾಣುತ್ತದೆ. ನಿಮ್ಮದು ಹೀಗೇ ಇರಬಹುದು ಎಂದು ನನಗೆ ಅನುಮಾನ.

ಮೂರನೆಯದು ಕರೆಂಟ್. ವರ್ಚುವಲ್‌ಬಾಕ್ಸ್ ಬಳಸುತ್ತಿದ್ದರೆ ಇದು ಗೊತ್ತಿರಲಿ. ಒಳಗಿನ ಕಂಪ್ಯೂಟರ್ ‘ಡಿಸ್ಕಿಗೆ ಈಗಲೇ ಬರೆದುಬಿಡು’ ಎಂದು ಕೊಡುವ ಫ್ಲಶ್ ಆದೇಶವನ್ನು ಅದು ವೇಗಕ್ಕಾಗಿ ಸಾಮಾನ್ಯವಾಗಿ ಪಾಲಿಸುವುದಿಲ್ಲ. ಹೊರಗಿನ ವಿಂಡೋಸೋ ಲಿನಕ್ಸೋ ತನ್ನ ಸಮಯ ನೋಡಿಕೊಂಡು ಬರೆಯುತ್ತದೆ. 98 ಸರಿಯಾಗಿ ಮುಚ್ಚಿದ ಮೇಲೂ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿದರೆ ಆ ಕೊನೆಯ ಬಿಟ್ ಬರೆಯದೇ ಹೋಗಬಹುದು. ಆದ್ದರಿಂದ ಹೊರಗಿನ ಕಂಪ್ಯೂಟರನ್ನೂ ಕ್ರಮವಾಗಿ ಶಟ್‌ಡೌನ್ ಮಾಡಿ, ಆಮೇಲೆ ಸ್ವಿಚ್. ಯುಪಿಎಸ್ ಬ್ಯಾಟರಿ ಹೋಗಿದ್ದರೆ ಬದಲಿಸಿ. ಈ ಥರದ ತೊಂದರೆ ನಿಜವಾದ ಹಾರ್ಡ್‌ಡಿಸ್ಕ್‌ಗಳಲ್ಲೂ ಇತ್ತು. ಡಿಸ್ಕ್ ತನ್ನ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಬರೆದು ಮುಗಿಸುವ ಮೊದಲೇ ವೇಗದ ಮಷಿನ್‌ಗಳು ಪವರ್ ಕಡಿದುಬಿಡುತ್ತಿದ್ದವು. ಶಟ್‌ಡೌನ್ ಹೊತ್ತಿಗೆ 2 ಸೆಕೆಂಡ್ ಕಾಯಲಿ ಎಂದು ಮೈಕ್ರೋಸಾಫ್ಟ್ ಅದಕ್ಕೆಂದೇ ಒಂದು ಪ್ಯಾಚ್ ಕೊಡಬೇಕಾಯಿತು.

ನಿಮ್ಮ ಲೆಕ್ಕದ ಪ್ರೋಗ್ರಾಂ ಡಾಸ್‌ನದ್ದಾಗಿದ್ದು, ಶುದ್ಧ ಎಂಎಸ್‌ಡಾಸ್‌ನಲ್ಲೇ ನಡೆಸುವುದಾದರೆ ಇನ್ನೊಂದು ಎಚ್ಚರ ಬೇಕು. ಡಾಸ್‌ಗೆ ಶಟ್‌ಡೌನ್ ಅನ್ನುವುದೇ ಇಲ್ಲ. ಪ್ರೋಗ್ರಾಮಿನಿಂದ ಹೊರಬಂದು ಸಿ ಪ್ರಾಂಪ್ಟ್ ಕಂಡರೆ ಆಫ್ ಮಾಡಬಹುದು ಎಂಬುದು ರೂಢಿ. ಆದರೆ ಡಿಸ್ಕಿಗೆ ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಹಿಡಿದಿಡುವ ಸ್ಮಾರ್ಟ್‌ಡ್ರೈವ್ ಹಾಕಿದ್ದರೆ, ಡಾಸ್ 6.0ರಲ್ಲಿ ಪ್ರಾಂಪ್ಟ್ ಬಂದ ಮೇಲೂ ಬರೆಯುವುದು ಬಾಕಿ ಇರಬಹುದು. 6.2ರಲ್ಲಿ ಇದನ್ನು ಸರಿಪಡಿಸಿ, ಬರೆದು ಮುಗಿದ ಮೇಲೇ ಪ್ರಾಂಪ್ಟ್ ಬರುವಂತೆ ಮಾಡಿದರು. ಅನುಮಾನ ಇದ್ದರೆ ಆಫ್ ಮಾಡುವ ಮೊದಲು ಸ್ಮಾರ್ಟ್‌ಡಿಆರ್‌ವಿ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಸ್ಲ್ಯಾಶ್ ಸಿ ಕೊಡಿ. ಬಾಕಿ ಎಲ್ಲ ಡಿಸ್ಕಿಗೆ ಇಳಿಯುತ್ತದೆ.

ಪ್ರಶ್ನೆ: ಕಲಬುರಗಿಯಿಂದ. ಹಳೇ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್‌ನ 98 ಚೆನ್ನಾಗಿತ್ತು. ಹೊಸ ಎಎಂಡಿ ರೈಜನ್ ಲ್ಯಾಪ್‌ಟಾಪಿಗೆ ಅದೇ ಡಿಸ್ಕ್ ಫೈಲ್ ತಂದ ಮೇಲೆ ಎಲ್ಲಿ ನೋಡಿದರೂ ‘ಇಲ್ಲೀಗಲ್ ಆಪರೇಷನ್’. ಶಟ್‌ಡೌನ್ ಕೊಟ್ಟರೂ ಅದೇ ಬಂದು ನಿಲ್ಲುತ್ತದೆ.

ಉತ್ತರ: ಇದು ಶಟ್‌ಡೌನ್ ತೊಂದರೆ ಅಲ್ಲ. ವಿಂಡೋಸ್ 95, 98ರ ಮೆಮೊರಿ ನೋಡಿಕೊಳ್ಳುವ ಭಾಗದಲ್ಲಿ ಒಂದು ಹಳೇ ತಪ್ಪಿದೆ. ಪ್ರೊಸೆಸರಿನ ಟಿಎಲ್‌ಬಿಯಲ್ಲಿರುವ (ಮೆಮೊರಿ ವಿಳಾಸಗಳ ಒಂದು ಚಿಕ್ಕ ಪಟ್ಟಿ) ಹಳೇ ವಿಳಾಸಗಳನ್ನು ಅಳಿಸಬೇಕಾದ ಕಡೆ ಅದು ಅಳಿಸುವುದಿಲ್ಲ. ಹಳೇ ಪ್ರೊಸೆಸರ್‌ಗಳಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. ಎಎಂಡಿಯ ಜೆನ್ 2 ಮತ್ತು ಆಮೇಲಿನವು, ಇಂಟೆಲ್‌ನ 11ನೇ ಪೀಳಿಗೆ ಮತ್ತು ಆಮೇಲಿನವುಗಳಲ್ಲಿ ಬಯಲಾಯಿತು. ಪ್ಯಾಚರ್‌9ಎಕ್ಸ್ ಎಂಬ ಉಚಿತ ಸಾಧನ ಇದೆ. ಅದರ ಫ್ಲಾಪಿ ಇಮೇಜಿನಿಂದ ಬೂಟ್ ಮಾಡಿ, ವಿಂಡೋಸ್ ಫೋಲ್ಡರ್ ತೋರಿಸಿದರೆ ಸರಿಮಾಡುತ್ತದೆ. ಮೊದಲು ಡಿಸ್ಕ್ ಫೈಲಿನ ಒಂದು ಪ್ರತಿ ತೆಗೆದಿಡಿ. ಪ್ರೊಸೆಸರನ್ನೂ ಸಾಫ್ಟ್‌ವೇರಿನಲ್ಲೇ ನಡೆಸುವ 86ಬಾಕ್ಸ್‌ನಂಥವುಗಳಲ್ಲಿ ಈ ತೊಂದರೆ ಬರುವುದಿಲ್ಲ. ಹಾಗೇ, ಹೊಸ ಲ್ಯಾಪ್‌ಟಾಪಿನಲ್ಲಿ ಮೆಮೊರಿ ಧಾರಾಳ ಇದೆ ಎಂದು 98ಕ್ಕೆ 2 ಜಿಬಿ ಕೊಡಬೇಡಿ. 512 ಎಂಬಿ ದಾಟಿದರೆ ಅದರ ಕ್ಯಾಶ್ ಬೇರೆ ರಗಳೆ ತೆಗೆಯುತ್ತದೆ. 256 ಎಂಬಿ ಧಾರಾಳ ಸಾಕು.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಮಗಳಿಗೆ ತೋರಿಸಲೆಂದು ಮಿನಿ ವಿಮ್ಯಾಕ್ ಎಮ್ಯುಲೇಟರಿನಲ್ಲಿ ಆ್ಯಪಲ್‌ನ ಹಳೇ ಮ್ಯಾಕಿಂಟಾಷ್ ಪ್ಲಸ್ ಹಾಕಿದ್ದೇನೆ. ಶಟ್‌ಡೌನ್ ಕೊಟ್ಟರೆ ‘ಈಗ ನಿಮ್ಮ ಮ್ಯಾಕಿಂಟಾಷನ್ನು ಆಫ್ ಮಾಡಬಹುದು’ ಎಂದು ಇಂಗ್ಲಿಷಿನಲ್ಲಿ ಬಂದು ನಿಲ್ಲುತ್ತದೆ. ಆಫ್ ಆಗುವ ಸೆಟ್ಟಿಂಗ್ ಎಲ್ಲಿದೆ?

ಉತ್ತರ: ಎಲ್ಲೂ ಇಲ್ಲ, ಇರಬೇಕಾಗೂ ಇಲ್ಲ. 1986ರ ಮ್ಯಾಕ್ ಪ್ಲಸ್‌ಗೆ ಹಿಂದುಗಡೆ ಸ್ವಿಚ್ ಇತ್ತು, ಕೈಯಿಂದಲೇ ಆಫ್ ಮಾಡಬೇಕಿತ್ತು. ಎಮ್ಯುಲೇಟರ್ ಅದನ್ನು ಇದ್ದ ಹಾಗೇ ತೋರಿಸುತ್ತಿದೆ. ಮಗಳಿಗೂ ಹಾಗೇ ತೋರಿಸಿ, ಚೆನ್ನಾಗಿರುತ್ತದೆ. ಬೆಸಿಲಿಸ್ಕ್ 2 ಅಥವಾ ಶೀಪ್‌ಶೇವರ್‌ನಲ್ಲಿ ಆಮೇಲಿನ ಮ್ಯಾಕ್ ಹಾಕಿದರೆ ಸ್ಪೆಷಲ್ ಮೆನುವಿನ ಶಟ್‌ಡೌನ್ ಕೊಟ್ಟಾಗ ಕಿಟಕಿ ತಾನೇ ಮುಚ್ಚುತ್ತದೆ. ಅಲ್ಲಿ ಬಲವಂತವಾಗಿ ಮುಚ್ಚಿದರೆ ಮುಂದಿನ ಸಲ ‘ಸರಿಯಾಗಿ ಮುಚ್ಚಿಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಜನರಲ್ ಕಂಟ್ರೋಲ್ಸ್‌ನಲ್ಲಿ ಅದನ್ನು ತೆಗೆಯಬಹುದು, ಆದರೆ ಇರಲಿ. ಬಂದಾಗ ಡಿಸ್ಕ್ ಫಸ್ಟ್ ಏಡ್ ಒಮ್ಮೆ ನಡೆಸಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸಿಮ್‌ಹೆಚ್ ಎಮ್ಯುಲೇಟರಿನಲ್ಲಿ ವ್ಯಾಕ್ಸ್ ಎಂಬ ಹಳೇ ಕಂಪ್ಯೂಟರ್ ನಡೆಸಿ ಓಪನ್‌ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ. ಶಟ್‌ಡೌನ್ ಮುಗಿದ ಮೇಲೆ ‘ಯೂಸ್ ಕನ್ಸೋಲ್ ಟು ಹಾಲ್ಟ್ ಸಿಸ್ಟಂ’ ಎಂದು ಬಂದು ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ಓಡುತ್ತಲೇ ಇರುತ್ತದೆ. ಪಿಡಿಪಿ-11 ಎಂಬ ಇನ್ನೊಂದು ಹಳೇ ಕಂಪ್ಯೂಟರಿನ ಯೂನಿಕ್ಸ್‌ನಲ್ಲಿ ಶಟ್‌ಡೌನ್ ಕಮಾಂಡೇ ಸಿಗಲಿಲ್ಲ.

ಉತ್ತರ: ಓದುವ ವಯಸ್ಸಿನಲ್ಲಿ ವ್ಯಾಕ್ಸ್ ಮುಟ್ಟಿದ್ದೀರಿ, ತುಂಬಾ ಖುಷಿಯಾಯಿತು. ಆ ಸಾಲು ಬಂದರೆ ವಿಎಂಎಸ್ ತನ್ನ ಕೆಲಸ ಮುಗಿಸಿದೆ. ನಿಲ್ಲಿಸುವುದು ಕನ್ಸೋಲ್ ಮುಂದೆ ಕೂತ ಆಪರೇಟರನ ಕೆಲಸ, ಅಂದರೆ ನಿಮ್ಮದು. ಕಂಟ್ರೋಲ್ ಮತ್ತು ಇ ಒಟ್ಟಿಗೆ ಒತ್ತಿದರೆ ಸಿಮ್‌ಹೆಚ್ ಪ್ರಾಂಪ್ಟ್ ಬರುತ್ತದೆ. ಅಲ್ಲಿ ಎಗ್ಜಿಟ್ ಕೊಡಿ, ಫ್ಯಾನ್ ಸುಮ್ಮನಾಗುತ್ತದೆ. ಅದಕ್ಕೂ ಮೊದಲು, ವಿಎಂಎಸ್ ಓಡುತ್ತಿರುವಾಗಲೇ ಕಂಟ್ರೋಲ್ ಇ ಒತ್ತಿ ಎಗ್ಜಿಟ್ ಕೊಟ್ಟರೆ ಮಾತ್ರ ಪ್ಲಗ್ ಕಿತ್ತ ಹಾಗೆ.

ಪಿಡಿಪಿ-11ರ ಆರನೇ ಆವೃತ್ತಿ ಯೂನಿಕ್ಸ್‌ನಲ್ಲಿ ಆ ಹೆಸರಿನ ಕಮಾಂಡ್ ಇಲ್ಲ, ನಿಮ್ಮ ಕಣ್ಣಿಗೆ ತಪ್ಪಿದ್ದಲ್ಲ. ಅಲ್ಲಿ ಸಿಂಕ್ ಎಂಬುದೇ ಎಲ್ಲ. ಮೆಮೊರಿಯಲ್ಲಿರುವ ಬ್ಲಾಕುಗಳನ್ನು ಅದು ಡಿಸ್ಕಿಗೆ ಕಳಿಸುತ್ತದೆ. ಆದರೆ ಬರೆದು ಮುಗಿಯುವ ಮೊದಲೇ ಪ್ರಾಂಪ್ಟ್ ವಾಪಸ್ ಬರಬಹುದು. ಹಾಗಾಗಿ ಹಳೆಯ ಆಪರೇಟರ್‌ಗಳು ಮೂರು ಸಲ ಸಿಂಕ್ ಟೈಪ್ ಮಾಡುತ್ತಿದ್ದರು. ಪ್ರತಿ ಸಲ ಬೇರೆ ಸಾಲಿನಲ್ಲಿ, ಎಂಟರ್ ಒತ್ತಿ. ಮೂರು ಸಲ ಟೈಪ್ ಮಾಡುವಷ್ಟರಲ್ಲಿ ಮೊದಲನೆಯದರ ಬರವಣಿಗೆ ಮುಗಿದಿರುತ್ತದೆ. ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಒಮ್ಮೆ ಎಂಟರ್ ಒತ್ತಿದರೆ ಆ ಬಿಡುವೇ ಸಿಗುವುದಿಲ್ಲ. ಬೇರೆ ಯಾವ ಕೆಲಸವೂ ಓಡುತ್ತಿಲ್ಲ ಎಂದು ನೋಡಿಕೊಂಡು ಸಿಂಕ್ ಕೊಡಿ, ಪ್ರಾಂಪ್ಟ್ ಬರಲಿ, ಆಮೇಲೆ ಕಂಟ್ರೋಲ್ ಇ.